ಒಂದು ಮನೆಗೆ ಎಷ್ಟು ಪಾಸ್‌ಬುಕ್ ಬೇಕು?

ನಮ್ಮ ಬಾಗಲಕೋಟೆ ಕಡೆ ಯಾರ ಮನೆಯ ತಿಜೋರಿ ತೆಗೆದರೂ ನಾಲ್ಕೈದು ಪಾಸ್‌ಬುಕ್ ಸಿಗುತ್ತವೆ. ಒಂದು ಬೆಳೆ ಸಾಲಕ್ಕೆ ತೆಗೆದದ್ದು, ಒಂದು ಜನಧನದ್ದು, ಒಂದು ಮಗನ ಸ್ಕಾಲರ್‌ಶಿಪ್‌ಗೆ ಅಂತ, ಇನ್ನೊಂದು ಬೀಗರ ಪೈಕಿ ಯಾರೋ ಸೊಸೈಟಿ ಸುರು ಮಾಡಿದರು ಅಂತ. ಯೋಚನೆ ಮಾಡಿ ತೆಗೆದದ್ದು ಒಂದೂ ಇರುವುದಿಲ್ಲ. ಯಾರೋ ಕೇಳಿದರು, ಫೋಟೋ ಕೊಟ್ಟೆವು, ಅಷ್ಟೇ. ಹಾಗಂತ ಎಲ್ಲ ಮುಚ್ಚಿ ಒಂದೇ ಇಟ್ಟುಕೊಳ್ಳಿ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಎಷ್ಟು ಬೇಕು ಅನ್ನುವುದು ಮನೆಗೆ ರೊಕ್ಕ ಹೇಗೆ ಬರುತ್ತದೆ ಅನ್ನುವುದರ ಮೇಲಿದೆ. ನವನಗರದಲ್ಲಿ ಸಂಬಳದ ಮೇಲೆ ಇರುವ ಮನೆಗೆ ತಿಂಗಳಿಗೊಮ್ಮೆ ಬರುತ್ತದೆ. ಇಳಕಲ್ಲು, ಗುಳೇದಗುಡ್ಡದ ನೇಕಾರರಿಗೆ ನೇಯ್ದಂತೆ ಮಜೂರಿ. ಮುಧೋಳ, ಜಮಖಂಡಿಯ ಕಬ್ಬಿನ ಮನೆಗಳಿಗೆ ಮಾತ್ರ ವರ್ಷಕ್ಕೆ ಒಂದೋ ಎರಡೋ ಸಲ, ಅದೂ ದೊಡ್ಡ ಗಂಟು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು ಅಂತ ಸರ್ಕಾರದ ಆದೇಶ ಇದೆ, ಆದರೆ ಬಂದಾಗ ಬಂತು ಅನ್ನಬೇಕು. ಹಾಗಾಗಿ ಎಲ್ಲರಿಗೂ ಒಂದೇ ಲೆಕ್ಕ ಹೇಳಲು ಬರುವುದಿಲ್ಲ. ಆದರೂ ಯಾವ ಮನೆಗಾದರೂ ಮೂರು ಖಾತೆ ಸಾಕು, ಜೊತೆಗೆ ಹೆಣ್ಣುಮಗಳ ಹೆಸರಿಗೆ ಅವಳದೇ ಒಂದು.

ಮೊದಲನೆಯದು ರೊಕ್ಕ ಬಂದು ಬೀಳುವ ಖಾತೆ. ಸಂಬಳ, ಪೆನ್ಷನ್, ಕಬ್ಬಿನ ಬಿಲ್, ಬಾಡಿಗೆ ಎಲ್ಲ ಇಲ್ಲಿಗೇ ಬರಲಿ. ಸಾಲದ ಕಂತು, ವಿಮೆಯ ಕಂತು ಇಲ್ಲಿಂದಲೇ ಹೋಗಲಿ. ಎರಡನೆಯದು ಖರ್ಚಿನ ಖಾತೆ. ಫೋನಿನ ಯುಪಿಐಗೆ ಇದನ್ನು ಮಾತ್ರ ಜೋಡಿಸಿ. ಒಂದನೇ ತಾರೀಖಿಗೆ ಗೊತ್ತುಮಾಡಿದ ಮೊತ್ತ ಮೊದಲನೆಯದರಿಂದ ಇದಕ್ಕೆ ಹಾಕಿ. ಕಿರಾಣಿ, ಹಾಲು, ಕರೆಂಟು, ಹುಡುಗರ ಆಟೋ ಎಲ್ಲ ಇದರಿಂದ. 20ನೇ ತಾರೀಖಿಗೆ ಖಾಲಿ ಆದರೆ ಎಲ್ಲಿ ಜಾಸ್ತಿ ಆಯಿತು ಅಂತ ಕೂತು ನೋಡಲು ಇದೊಂದೇ ಪುಟ ಸಾಕು. ಇನ್ನೊಂದು ಲಾಭವೂ ಇದೆ. ಯಾರೋ ಫೋನ್ ಮಾಡಿ ಮೋಸ ಮಾಡಿದರೂ ಹೋಗುವುದು ಆ ತಿಂಗಳ ಸಂತೆ ರೊಕ್ಕ ಮಾತ್ರ, ವರ್ಷದ ಗಳಿಕೆ ಅಲ್ಲ. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಅನ್ನುವುದನ್ನು ಮನೆಯ ಮಕ್ಕಳಿಗೂ ಹೇಳಿಡಿ.

ಹಿಂದೆ ಜೋಳವನ್ನು ಹಗೇವಿನಲ್ಲಿ ಹಾಕಿಟ್ಟು, ಬೇಕಾದಷ್ಟೇ ಮೇಲೆ ತೆಗೆದು ಬೀಸುತ್ತಿದ್ದೆವಲ್ಲ, ಕಬ್ಬಿನ ಮನೆಯವರು ಬಿಲ್ಲಿನ ರೊಕ್ಕವನ್ನು ಹಾಗೆ ನೋಡಬೇಕು. ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಬಂತು ಅನ್ನಿ. ಮೊದಲು ಬೆಳೆ ಸಾಲ ತೀರಿಸಿ. ಸಹಕಾರಿ ಸಂಘದ ಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುತ್ತದೆ, ನಿಜ, ಆದರೆ ವಾಯಿದೆ ತಪ್ಪಿದರೆ ಆ ಸವಲತ್ತು ಹೋಗುತ್ತದೆ. ಆಮೇಲೆ ಗೊಬ್ಬರ, ಆಳಿನ ಖರ್ಚು ತೆಗೆದಿಡಿ. ಉಳಿದದ್ದು ಎರಡು ಲಕ್ಷದ ಹತ್ತು ಸಾವಿರ ಆದರೆ ಅದನ್ನು 12 ತಿಂಗಳಿಗೆ ಹಂಚಬೇಡಿ, 14ಕ್ಕೆ ಹಂಚಿ. ತಿಂಗಳಿಗೆ 15 ಸಾವಿರ ಬರುತ್ತದೆ. ಮುಂದಿನ ಬಿಲ್ ತಡವಾದರೆ ಆ ಎರಡು ತಿಂಗಳು ಕೈಗಡ ಕೇಳಲು ಹೋಗುವುದು ತಪ್ಪುತ್ತದೆ. ಇದನ್ನು ಮಾಡದೆ ಬಿಲ್ ಬಂದ ವಾರವೇ ಬೈಕು ತರುವ ಮಂದಿ ನಮ್ಮಲ್ಲಿ ಬಹಳ. ಬೆಳೆ ಸಾಲದ ಖಾತೆಯನ್ನು ಮನೆ ಲೆಕ್ಕದಲ್ಲಿ ಹಿಡಿಯಲೇಬೇಡಿ. ಅದರಲ್ಲಿ ಇರುವುದು ಹೊಲದ ರೊಕ್ಕ.

ಮೂರನೆಯದು ಆಪತ್ತಿನ ಖಾತೆ. ಇದು ಬೇರೆ ಬ್ಯಾಂಕಿನಲ್ಲೇ ಇರಲಿ. ಎಟಿಎಂ ಕಾರ್ಡು ಬೇಡ, ಫೋನಿಗೆ ಜೋಡಿಸುವುದೂ ಬೇಡ. ಬ್ಯಾಂಕಿನ ಸರ್ವರ್ ಕೆಟ್ಟ ದಿನ, ಅಥವಾ ಯಾರದೋ ಮೋಸದ ರೊಕ್ಕ ನಮ್ಮ ಖಾತೆಗೆ ಹಾದು ಬಂತು ಅಂತ ಪೊಲೀಸರು ಅದನ್ನು ತಡೆಹಿಡಿಸಿದ ದಿನ, ಒಂದೇ ಬ್ಯಾಂಕು ನಂಬಿದವರ ಪಾಡು ಕೇಳಬೇಡಿ. ಅಂಗಡಿ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಮೂರು ತಿಂಗಳ ಖರ್ಚು ಕೂಡಿದ ಮೇಲೆ ಜಾಸ್ತಿ ಆದದ್ದನ್ನು ಅಲ್ಲೇ ಠೇವಣಿ ಮಾಡಿ. ಬನಶಂಕರಿ ಜಾತ್ರೆಯಲ್ಲಿ ಬಾಗಿಲು ಚೌಕಟ್ಟು ಚಲೋ ಸಿಗುತ್ತವೆ ಅಂತ ಇದಕ್ಕೆ ಕೈ ಹಾಕಬಾರದು.

ಹೆಣ್ಣುಮಗಳ ಖಾತೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗೃಹಲಕ್ಷ್ಮಿಯ 2,000 ಬರುವುದು ಆಧಾರ್ ಜೋಡಿಸಿದ ಖಾತೆಗೆ. ಒಬ್ಬರ ಆಧಾರ್‌ಗೆ ಎಷ್ಟು ಖಾತೆ ಇದ್ದರೂ ಸರ್ಕಾರದ ರೊಕ್ಕ ಬೀಳುವುದು ಒಂದಕ್ಕೇ, ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಆಗಿದೆಯೋ ಅದಕ್ಕೆ. ಹೊಸ ಖಾತೆ ತೆಗೆಯುವಾಗ ಹತ್ತು ಕಡೆ ಸಹಿ ಮಾಡಿಸುತ್ತಾರೆ, ಅದರಲ್ಲಿ ಇದೂ ಒಂದು ಇರುತ್ತದೆ. ಆಮೇಲೆ ಹಳೇ ಪಾಸ್‌ಬುಕ್ ಹಿಡಿದು "ಈ ತಿಂಗಳು ಬಂದಿಲ್ಲ" ಅಂತ ಅಂಗನವಾಡಿ, ಪಂಚಾಯಿತಿ ಸುತ್ತಬೇಕಾಗುತ್ತದೆ. ರೊಕ್ಕ ಬಂದಿರುತ್ತದೆ, ಬೇರೆ ಕಡೆ. ಸಹಿ ಮಾಡುವ ಮೊದಲು ಕೇಳಿ. ಈ ಖಾತೆ ಅವಳೊಬ್ಬಳ ಹೆಸರಿನಲ್ಲಿಯೇ ಇರಲಿ. ಗಂಡ ಒಳ್ಳೆಯವನೇ ಇರಬಹುದು, ಆದರೂ ತವರಿಗೆ ಹೋಗಲು ಬಸ್ಸಿಗೆ ಕೇಳಬಾರದು ಅಲ್ವಾ? ಈಗ ಬಸ್ಸೂ ಪುಕ್ಕಟೆ, ಆದರೆ ಕೈಯಲ್ಲಿ ನಾಲ್ಕು ಕಾಸು ಬೇಕೇ ಬೇಕು.

ಮೊದಲನೇ ಖಾತೆಯನ್ನು ಮಾತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಾಡಿಸಿ. "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಅನ್ನುವ ಕಡೆ ಗುರುತು ಹಾಕಿ. ಇಲ್ಲದಿದ್ದರೆ ಒಬ್ಬರು ತೀರಿದ ವಾರವೇ ಮನೆಯವರು ಬ್ಯಾಂಕಿನ ಬಾಗಿಲು ಕಾಯಬೇಕಾಗುತ್ತದೆ. ನಾಮಿನಿ ಹೆಸರೂ ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು.

ಖಾತೆ ಜಾಸ್ತಿ ಇದ್ದರೆ ಗೊತ್ತಿಲ್ಲದೆ ಸೋರುವುದೂ ಜಾಸ್ತಿ. ಕಾರ್ಡಿನ ವರ್ಷದ ಶುಲ್ಕ, ಎಸ್‌ಎಂಎಸ್ ಶುಲ್ಕ, ಕೆಲವು ಕಡೆ ಕನಿಷ್ಠ ಬಾಕಿ ಇಲ್ಲ ಅಂತ ದಂಡ. ಮೇ ಕೊನೆಗೆ ಜೀವನ ಜ್ಯೋತಿ ವಿಮೆಗೆ 436, ಸುರಕ್ಷಾ ವಿಮೆಗೆ 20 ರೂಪಾಯಿ ಕಡಿತ ಆಗುತ್ತದೆ. ಎರಡು ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟಿದ್ದರೆ ಎರಡೂ ಕಡೆ ಕಡಿತ, ಆದರೆ ಪರಿಹಾರ ಸಿಗುವುದು ಒಂದೇ ಸಲ. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ, ಒಂದು ಕಡೆ ರದ್ದು ಮಾಡಿಸಿ.

ಠೇವಣಿ ಇಟ್ಟವರಿಗೆ ಒಂದು ಮಾತು. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಎರಡು ಶಾಖೆಯಲ್ಲಿ ಇಟ್ಟರೂ ಬ್ಯಾಂಕು ಒಂದೇ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿತು. ಹಾಗಾಗಿ ಎರಡು ಬ್ಯಾಂಕು ಅಂದುಕೊಂಡದ್ದು ಈಗ ಒಂದೇ ಆಗಿರಬಹುದು. ನಮ್ಮ ಕಡೆ ಓಣಿಗೊಂದು ಇರುವ ಪತ್ತಿನ ಸಂಘ, ಸೌಹಾರ್ದ ಸಂಘಗಳಿಗೆ ಈ ವಿಮೆ ಇಲ್ಲವೇ ಇಲ್ಲ. ಬಡ್ಡಿ ಒಂದೆರಡು ಪರ್ಸೆಂಟ್ ಜಾಸ್ತಿ ಕೊಡುತ್ತಾರೆ, ಪಿಗ್ಮಿಗೆ ಅಂಗಡಿ ಬಾಗಿಲಿಗೇ ಬರುತ್ತಾರೆ, ಮಂದಿಯೂ ಪರಿಚಯದವರು. ಪಿಗ್ಮಿ ಕಟ್ಟಿ, ಬೇಡ ಅನ್ನುವುದಿಲ್ಲ. ಮಗಳ ಮದುವೆ ರೊಕ್ಕ ಮಾತ್ರ ಅಲ್ಲಿ ಇಡಬೇಡಿ.

ಇಷ್ಟೆಲ್ಲ ಆದ ಮೇಲೆ ಉಳಿದ ಪಾಸ್‌ಬುಕ್ ಮುಚ್ಚಿಸಿ. ಸುಮ್ನೆ ಬಿಟ್ಟರೆ ಎರಡು ವರ್ಷಕ್ಕೆ ಖಾತೆ ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷಕ್ಕೆ ರೊಕ್ಕ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾಪಸ್ ಕೇಳಬಹುದು. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಹಾಗೇನಾದರೂ ಉಳಿದಿದೆಯಾ ಅಂತ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಮೊಮ್ಮಕ್ಕಳಿಂದ ಹುಡುಕಿಸಿ. ಮುಚ್ಚುವ ಮೊದಲು ಗ್ಯಾಸ್ ಸಬ್ಸಿಡಿ, ವಿಮೆ, ಸಾಲದ ಕಂತು ಯಾವುದೂ ಆ ಖಾತೆಗೆ ಅಂಟಿಕೊಂಡಿಲ್ಲ ಅಂತ ಒಂದು ವರ್ಷದ ಎಂಟ್ರಿ ತೆಗೆಸಿ ನೋಡಿ. ಉಳಿದ ಚೆಕ್ಕು, ಕಾರ್ಡು ಕೊಟ್ಟುಬಿಡಿ. ಖಾತೆ ಮುಚ್ಚಿದೆ ಅಂತ ಪಾಸ್‌ಬುಕ್ಕಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ನಾಳೆ ಬನ್ನಿ ಅನ್ನುತ್ತಾರೆ.