ಶನಿವಾರದ ಮೇಷ್ಟ್ರುಗಳು: ನನ್ನ ಅನುಭವ

ಕಾಫಿ ಹಣ್ಣು ಕುಯ್ಯೋ ಕಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಶಾಲೆಗಳ ಹಾಜರಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರ ಕಥೆಯೂ ಅಷ್ಟೇ, ಅರ್ಧ ಜನ ಸೀದಾ ತೋಟಕ್ಕೆ. 2018ರಲ್ಲಿ ನಮ್ಮ ಹೈಸ್ಕೂಲಿನಲ್ಲಿ ಪಾಸಾದ 31 ಮಕ್ಕಳಲ್ಲಿ ಪಿಯುಸಿಗೆ ಸೇರಿದ್ದು 14ಓ 15ಓ. ಹೋದ ವರ್ಷ 28ಕ್ಕೆ 26. "ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಮಕ್ಕಳಿಗೆ ಯಾವ ಕಾಲೇಜು ಸ್ವಾಮಿ" ಅಂದಿದ್ದವರೇ ಈಗ ಏನು ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಸ್ವಲ್ಪ ಜಂಬ ಬಂದಿದೆ, ಸಹಿಸಿಕೊಳ್ಳಿ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಮಕ್ಕಳಿಗೆ ಮುಂದೆ ಓದೋ, ಮೇಷ್ಟ್ರಾಗೋ ಆಸೆ ಹುಟ್ಟಲಿ ಅಂತ ಒಬ್ಬ ಭಾಷಣಕಾರರನ್ನು ಕಾರು ಮಾಡಿ ಕರೆಸಿದೆ. ಊಟ, ಶಾಲು, ಹಾರ ಸೇರಿ 5 ಸಾವಿರದ ಹತ್ತಿರ. ಎರಡು ಗಂಟೆ ಮಾತಾಡಿದರು. ಎಂಟನೇ ಕ್ಲಾಸಿನ ಹುಡುಗ ಬಂದು, "ಸಾರ್, ಅವರು ಕನ್ನಡ ಯಾವಾಗ ಶುರು ಮಾಡ್ತಾರೆ?" ಅಂದ. ಆಮೇಲೆ ಪಿಯುಸಿ, ಡಿಗ್ರಿ, ಬಿ.ಎಡ್. ಅಂತ ಬಾಣದ ಗುರುತು ಹಾಕಿಸಿ 900 ರೂಪಾಯಿಗೆ ಫ್ಲೆಕ್ಸ್ ಮಾಡಿಸಿದೆ. ಅದು ಈಗ ನನ್ನ ಬೈಕನ್ನು ಮಳೆಯಿಂದ ಕಾಯುತ್ತಿದೆ. ಮೂರನೆಯದು ಇನ್ನೂ ದುಬಾರಿ. ಮಿನಿ ಬಸ್ ಮಾಡಿ, ಒಂದು ದೊಡ್ಡ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕರೆದುಕೊಂಡು ಹೋದೆ. 9 ಸಾವಿರ ಖರ್ಚು. ಮಕ್ಕಳಿಗೆ ನೆನಪಿರೋದು ಐಸ್ ಕ್ರೀಂ ಒಂದೇ.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ಶನಿವಾರ ಪಕ್ಕದ ಪ್ರೈಮರಿ ಶಾಲೆಯ ಮೇಡಂ ತರಬೇತಿಗೆ ಹೋಗಿದ್ದರು. ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು "ಹೋಗವ್ವಾ, ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡು" ಅಂತ ಕಳಿಸಿದೆ. ನಾನು ಕಿಟಕಿ ಹೊರಗೆ ನಿಂತಿದ್ದೆ. ಮೂರರಲ್ಲಿ ಒಂದಕ್ಕಿಂತ ನಾಲ್ಕರಲ್ಲಿ ಒಂದು ಚಿಕ್ಕದು ಹೇಗೆ, ನಾಲ್ಕು ದೊಡ್ಡದಲ್ವಾ ಅಂತ ಒಬ್ಬ ಹಟ ಹಿಡಿದ. ಅವಳು ಚಾಕ್‌ಪೀಸ್ ಕೆಳಗಿಟ್ಟಳು. ಒಂದು ನಿಮಿಷ ಸುಮ್ನೆ ನಿಂತಳು. ಆಮೇಲೆ, "ಒಂದು ಸಾಲು ಕಾಫಿ ಗಿಡ ಇದೆ ಕಣೋ. ಮೂರು ಜನ ಹಂಚಿಕೊಂಡು ಕುಯ್ದರೆ ನಿನ್ನ ಪಾಲಿಗೆ ಎಷ್ಟು ಗಿಡ? ನಾಲ್ಕನೆಯವಳು ಬಂದರೆ?" ಅಂದಳು. ಹುಡುಗ ಬೆರಳು ಮಡಚಿ, "ನಂಗೆ ಕಮ್ಮಿ ಆಯ್ತದೆ" ಅಂದ. ಹದಿನೆಂಟು ವರ್ಷ ಗಣಿತ ಪಾಠ ಮಾಡಿದ ನನಗೆ ಈ ಉದಾಹರಣೆ ಹೊಳೆದಿರಲಿಲ್ಲ. ಹೊರಗೆ ಬಂದವಳೇ, "ಮುಂದಿನ ಶನಿವಾರನೂ ಹೋಗ್ಲಾ ಸಾರ್?" ಅಂತ ಕೇಳಿದಳು.

ಅಲ್ಲಿಂದ ಶನಿವಾರ ನಮ್ಮ ಮಕ್ಕಳು ಪ್ರೈಮರಿ ಶಾಲೆಗೆ ಹೋಗಿ ಪಾಠ ಮಾಡೋದು ಪದ್ಧತಿ ಆಯಿತು. ಒಬ್ಬರಿಗೆ 20 ನಿಮಿಷ, ಒಂದೇ ವಿಷಯ. ಕೈಯಲ್ಲಿ ಕೋಲು ಇರಕೂಡದು. ಕೋಲಿನ ನಿಯಮ ಬಂದದ್ದು ಪೆಟ್ಟು ತಿಂದ ಮೇಲೆ. ಒಬ್ಬ ಮರಿ ಮೇಷ್ಟ್ರು ಪುಟ್ಟ ಹುಡುಗನ ಕಿವಿ ಹಿಂಡಿ, ಅವರಮ್ಮ ಶಾಲೆಗೇ ಬಂದು ನನ್ನ ಕಿವಿ ಹಿಂಡುವುದೊಂದು ಬಾಕಿ. ಒಂದು ತಿಂಗಳು ಎಲ್ಲ ನಿಲ್ಲಿಸಬೇಕಾಯಿತು. ಕೋವಿಡ್ ಬಂದು ಇನ್ನೆರಡು ವರ್ಷ ಹೋಯಿತು. ಮೊದಲ ವಾರ ಯಾರನ್ನು ಕಳಿಸಬೇಕು ಅನ್ನೋದರಲ್ಲೇ ಗುಟ್ಟಿದೆ. ಫಸ್ಟ್ ರ್‍ಯಾಂಕಿನವರನ್ನಂತೂ ಅಲ್ಲ. ಮತ್ಯಾರನ್ನು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಮಕ್ಕಳು ಒಲಿದರೂ ಮನೆಯವರು ಒಲಿಯಬೇಕಲ್ಲ. ಒಬ್ಬ ತಾಯಿ ಲೆಕ್ಕ ಹಾಕಿ ಹೇಳಿದ್ದರು: "ಪಿಯುಸಿ ಎರಡು, ಡಿಗ್ರಿ ಮೂರು, ಬಿ.ಎಡ್. ಎರಡು, ಏಳು ವರ್ಷ ಆಯ್ತು. ಆಮೇಲೆ ಮೇಷ್ಟ್ರಾಗೋಕೆ ಟಿಇಟಿ ಪರೀಕ್ಷೆ ಅಂತೀರಿ. ಅಷ್ಟೊತ್ತಿಗೆ ನಾನು ಮೊಮ್ಮಕ್ಕಳನ್ನ ಆಡಿಸ್ತೀನಿ ಮೇಷ್ಟ್ರೇ." ಲೆಕ್ಕ ಸರಿಯಾಗಿಯೇ ಇತ್ತು. ಮೈಸೂರಿನ ಆರ್‌ಐಇಯಲ್ಲಿ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಪಿಯುಸಿ ಆದ ಮೇಲೆ ನಾಲ್ಕೇ ವರ್ಷಕ್ಕೆ ಡಿಗ್ರಿ, ಬಿ.ಎಡ್. ಎರಡೂ ಮುಗಿಯುತ್ತೆ, ಪ್ರವೇಶ ಪರೀಕ್ಷೆ ಬರೆಯಬೇಕು ಅಂದೆ. ತಲೆ ಆಡಿಸಿದರು, ಒಪ್ಪಲಿಲ್ಲ.

ಆ ತಾಯಿಗೆ ಬೇಕಿದ್ದದ್ದು ಮಗಳು ಎಲ್ಲಿ ಮಲಗುತ್ತಾಳೆ ಅನ್ನೋ ಧೈರ್ಯ. ಈಗ ಜುಲೈ ಮಳೆಯಲ್ಲಿ, ತೋಟದ ಕೆಲಸ ಸಡಿಲ ಇರುವಾಗ, ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಹುಡುಗಿಯರ ತಾಯಂದಿರನ್ನೂ ಚಿಕ್ಕಮಗಳೂರಿಗೆ ಹೊರಡಿಸುತ್ತೇನೆ. ಸುಮ್ನೆ ಮಾಮೂಲಿ ದಿನ, ಸಮಾರಂಭ ಗಿಮಾರಂಭ ಏನೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆಲ್ಲ ಫ್ರೀ. ಟಿಕೆಟ್ ತಗೊಳ್ಳೋದು ಹುಡುಗರು ಮತ್ತು ನಾನು. ಅಲ್ಲಿನ ಐಡಿಎಸ್‌ಜಿ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಹಳೇ ಹುಡುಗಿಯರೇ ಎಲ್ಲ ತೋರಿಸುತ್ತಾರೆ. ಮಕ್ಕಳು ಲ್ಯಾಬ್ ನೋಡುತ್ತಾರೆ. ತಾಯಂದಿರು ಹಾಸ್ಟೆಲ್ಲಿನ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾರೆ. ಮೊದಲ ಸಲ ನನಗೆ ಮುಜುಗರ ಆಗಿತ್ತು. ಈಗ ನಾನೇ ಮುಂದೆ ನಿಂತು ಮುಚ್ಚಳ ತೆಗೆಸುತ್ತೇನೆ.

ಎಂಟನೇ ಕ್ಲಾಸಿಗೆ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಕಟ್ಟಿಸೋದು ನಿಮಗೆ ಗೊತ್ತಿರೋದೇ. ವರ್ಷಕ್ಕೆ 12,000 ರೂಪಾಯಿ, ಪಿಯುಸಿ ಮುಗಿಯೋವರೆಗೆ. ಒಂದು ಮನೆಗೆ ಆ ದುಡ್ಡು ಬಂದರೆ ಇಡೀ ಲೈನಿಗೆ ಸುದ್ದಿ ಮುಟ್ಟುತ್ತೆ.

ಬಸ್ಸು, ತಿಂಡಿಯ ಖರ್ಚಿಗೆ ಇನ್ನೊಂದು ಪ್ರಯೋಗ ಮಾಡಿದೆ. ಶಾಲೆ ಕಾಂಪೌಂಡಿನ ಸಿಲ್ವರ್ ಓಕ್ ಮರಗಳಿಗೆ 20 ಕಾಳುಮೆಣಸಿನ ಬಳ್ಳಿ ಹಬ್ಬಿಸಿದೆವು. ಸೊರಗು ರೋಗಕ್ಕೆ ಒಂದೇ ಮಳೆಗಾಲದಲ್ಲಿ 11 ಹೋದವು. ನೀರು ನಿಲ್ಲೋ ಜಾಗದಲ್ಲಿ ನೆಟ್ಟಿದ್ದು ನನ್ನದೇ ತಪ್ಪು. ಉಳಿದವು ಒಣಗಿಸಿ ಆರು ಕೆಜಿ ಕೊಟ್ಟವು, ಅರ್ಧ ಮಾರಿದೆ. ರೇಟು ಏರಲಿ ಅಂತ ಮಿಕ್ಕ ಮೂರು ಕೆಜಿ ಸ್ಟಾಫ್ ರೂಮಿನ ಬೀರುವಿನಲ್ಲಿದೆ. ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ, ಯಾಕಂದರೆ ಅಡುಗೆಯಮ್ಮ ಎರಡು ಸಲ ಕೇಳಿಯಾಯಿತು.