ಕಂಪನಿ ಇಲ್ದೇನೂ ಪುಂಟೊ ಓಡುತ್ತೆ

ನಮ್ದು ತುಮಕೂರಲ್ಲಿ ಸಣ್ಣ ಗ್ಯಾರೇಜು. ಫಿಯೆಟ್ ಪುಂಟೊ, ಲೀನಿಯಾ ಇಟ್ಕೊಂಡಿರೋರು ಬಂದು ಮೊದ್ಲು ಕೇಳೋದೇ "ಅಣ್ಣಾ, ಕಂಪನಿಯೋರು ಗಾಡಿ ಮಾಡೋದೇ ನಿಲ್ಸಿದ್ರಲ್ಲ, ಸ್ಪೇರ್ ಸಿಗುತ್ತಾ ಇಲ್ಲ ಮಾರ್ಬಿಡ್ಲಾ" ಅಂತ. ಡೀಸೆಲ್ ಗಾಡಿ ಆದ್ರೆ ಎಂಜಿನ್ ಬಗ್ಗೆ ತಲೆ ಕೆಡಿಸ್ಕೋಬೇಡಿ ಅಂತೀನಿ, ಯಾಕಂದ್ರೆ ಅದೇ 1.3 ಮಲ್ಟಿಜೆಟ್ ಎಂಜಿನ್ನು ಮಾರುತಿ ಸ್ವಿಫ್ಟ್, ಡಿಸೈರ್, ರಿಟ್ಜ್‌ಗೆ ಡಿಡಿಐಎಸ್ ಅಂತ, ಟಾಟಾ ವಿಸ್ಟಾ, ಮಾಂಜಾಗೆ ಕ್ವಾಡ್ರಾಜೆಟ್ ಅಂತ ಬಂದಿರೋದು, 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ಮಾರುತಿಯೋರು ಡೀಸೆಲ್ ಬಿಟ್ರು ನಿಜ, ಆದ್ರೆ ಹಳೇ ಗಾಡಿಗಳು ರೋಡಲ್ಲಿ ಬೇಕಾದಷ್ಟಿವೆ, ಅವು ಓಡೋವರೆಗೂ ಪಾರ್ಟ್ ಮಾಡೋರು ಮಾಡ್ತಾನೇ ಇರ್ತಾರೆ.

ಅಂಗಡಿಗೆ ಫೋನ್ ಮಾಡಿ "ಪುಂಟೊಗೆ ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಪಾರ್ಟು) ಇದ್ಯಾ" ಅಂದ್ರೆ ಮಾತ್ರ ಇಲ್ಲ ಅಂತಾರೆ. ನಾನು ಗಾಡಿ ಹೆಸರೇ ಎತ್ತಲ್ಲ. ಹಳೇದನ್ನ ಬಿಚ್ಚಿ, ಡೀಸೆಲಲ್ಲಿ ತೊಳ್ದು, ಬ್ರಷ್ ಹಾಕಿ ಉಜ್ಜಿದ್ರೆ ಬಾಷ್ ಕಂಪನಿ ಪಾರ್ಟ್ ನಂಬರ್ ಕಾಣುತ್ತೆ, 0445110 ಅಂತ ಶುರುವಾಗುತ್ತೆ, ಅದ್ರ ಫೋಟೋ ತೆಗ್ದು ಬೆಂಗಳೂರು ಜೆ.ಸಿ. ರೋಡಿನ ಅಂಗಡಿಗಳಿಗೆ ವಾಟ್ಸಾಪ್ ಮಾಡ್ತೀನಿ, ಇದ್ರೆ ಸಂಜೆ ಬಸ್ಸಿಗೆ ಹಾಕ್ತಾರೆ. ಕೂರಿಸಿದ್ಮೇಲೆ ಇಂಜೆಕ್ಟರ್ ತಲೆ ಮೇಲಿರೋ ಕೋಡನ್ನ ಸ್ಕ್ಯಾನರಲ್ಲಿ ಇಸಿಯುಗೆ, ಅಂದ್ರೆ ಎಂಜಿನ್ ಕಂಪ್ಯೂಟರಿಗೆ, ಬರೀಬೇಕು, ಇದನ್ನ ತುಂಬಾ ಜನ ಮಾಡಲ್ಲ, ಆಮೇಲೆ ಐಡ್ಲಿಂಗಲ್ಲಿ ನಡುಗುತ್ತೆ ಅಂತ ಪಾರ್ಟಿನ ಮೇಲೆ ತಪ್ಪು ಹಾಕ್ತಾರೆ. ಎಂಜಿನ್ನಿಗೆ ಗಾಳಿ ತಳ್ಳೋ ಟರ್ಬೊ ವಿಷ್ಯದಲ್ಲಿ ಹುಷಾರು, 75 ಹಾರ್ಸ್‌ಪವರ್ ಎಂಜಿನ್ನಿನದೇ ಬೇರೆ, 90ರದ್ದು ವೇರಿಯಬಲ್ ಜಿಯಾಮೆಟ್ರಿ, ಅಂದ್ರೆ ಒಳಗಿನ ರೆಕ್ಕೆ ತಿರುಗೋದು, ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ನಿಜವಾದ ತಲೆನೋವು ಬಾಡಿ ಪಾರ್ಟು. ಹೆಡ್‌ಲೈಟು, ಬಂಪರು, ಡೋರ್ ಹ್ಯಾಂಡಲ್ಲು ಬೇರೆ ಗಾಡಿದು ಕೂರಲ್ಲ, ಅಚ್ಚು ನಿಂತ್ಮೇಲೆ ಉಳ್ದಿರೋ ಸ್ಟಾಕೇ ಗತಿ. ಹಾಗಾಗಿ ಹೆಡ್‌ಲೈಟಲ್ಲಿ ಬೋಲ್ಟ್ ಕೂರೋ ಕಿವಿ ಮುರ್ದಿದ್ರೆ ನಾನು ಬಿಸಾಕೋಕೆ ಬಿಡಲ್ಲ. ಸಣ್ಣ ಸ್ಟೀಲ್ ಜಾಲರಿ ಚೂರಿಟ್ಟು ಸೋಲ್ಡರಿಂಗ್ ಐರನ್ನಲ್ಲಿ ಒತ್ತಿ ಪ್ಲಾಸ್ಟಿಕ್ ಒಳಗೆ ಇಳಿಸಿ, ಮೇಲೆ ಅದೇ ಜಾತಿ ಪ್ಲಾಸ್ಟಿಕ್ ಕರಗಿಸಿ ತುಂಬಿ, ಆರಿದ್ಮೇಲೆ ಫೈಲ್ ಹಾಕ್ತೀವಿ, ಗಟ್ಟಿಯಾಗಿ ನಿಲ್ಲುತ್ತೆ. ಗುಜರಿಗೆ ಪುಂಟೊ ಬಂದಿದೆ ಅಂತ ಗೊತ್ತಾದ್ರೆ ಮೊದ್ಲು ಲೈಟು, ಮಿರರ್, ಡೋರ್ ಗ್ಲಾಸ್ ಎತ್ಕೊಂಡ್ ಬರ್ತೀನಿ. ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗ್ ಮಾತ್ರ ಯಾರು ಎಷ್ಟೇ ಕಮ್ಮಿಗೆ ಕೊಟ್ರೂ ಹಳೇದು ಹಾಕಲ್ಲ, ಕಸ್ಟಮರ್ ಬೈಕೊಂಡ್ರೂ ಪರ್ವಾಗಿಲ್ಲ.

ನಿಮ್ಮತ್ರ ಪುಂಟೊ ಇದ್ರೆ ಗಾಡಿ ಚೆನ್ನಾಗಿರುವಾಗ್ಲೇ ಒಂದ್ ಜೊತೆ ಹೆಡ್‌ಲೈಟು, ಟೈಲ್‌ಲೈಟು ಸಿಕ್ಕಿದ ಕಡೆ ತಗೊಂಡು ಅಟ್ಟಕ್ಕೆ ಹಾಕ್ಬಿಡಿ.