ತಿಪಟೂರಿನ ಕೊಬ್ಬರಿ ವಿಮಾನ ಹತ್ತುವುದಿಲ್ಲ: ಅಪ್ಪ ಅಮ್ಮನನ್ನು ಬೆಂಗಳೂರು ಏರ್‌ಪೋರ್ಟ್‌ಗೆ ಬಿಡುವ ಮುನ್ನ

ಕಳೆದ ವರ್ಷ ಅಮ್ಮ ಮೊದಲ ಸಲ ವಿಮಾನ ಹತ್ತಿದರು. ತಿಪಟೂರಿನಿಂದ ಬೆಂಗಳೂರಿಗೆ ರೈಲು, ಇಲ್ಲಿಂದ ಪುಣೆಗೆ ವಿಮಾನ, ಅಲ್ಲಿ ತಂಗಿ ಮನೆ. ನಾನೋ ಕೆಲಸದ ಮೇಲೆ ವರ್ಷಕ್ಕೆ ಏಳೆಂಟು ಸಲ ದೇವನಹಳ್ಳಿ ಏರ್‌ಪೋರ್ಟ್‌ಗೆ ಹೋಗಿಬರುವವನು. ಎಲ್ಲಾ ಗೊತ್ತು ಅನ್ನುವ ಜಂಬ. ಆವತ್ತು ಬೆಳಿಗ್ಗೆ ಮಾಡಿದ್ದೆಲ್ಲ ತಪ್ಪೇ. ನಾವು ಹೋಗುವುದು ಬೇರೆ, ವಯಸ್ಸಾದವರನ್ನು ಒಬ್ಬರೇ ಕಳಿಸುವುದು ಬೇರೆ ಅಂತ ಗೊತ್ತಾಗಿದ್ದು ಆಗಲೇ.

ಮೊದಲು ಟಿಕೆಟ್‌ನ ಹೆಸರು

ಇದು ಮನೆಯಲ್ಲೇ ಕೂತು ಮಾಡುವ ಕೆಲಸ, ಆದರೆ ಕೆಡುವುದೂ ಇಲ್ಲೇ. ನಮ್ಮ ಕಡೆ ಇನಿಷಿಯಲ್ ಪದ್ಧತಿ. ಆಧಾರ್‌ನಲ್ಲಿ ‘ಸಾವಿತ್ರಮ್ಮ ಟಿ ಎಸ್’ ಅಂತ ಇರುತ್ತದೆ, ಟಿಕೆಟ್ ಬುಕ್ ಮಾಡುವ ಆ್ಯಪ್ ಮಾತ್ರ ಕೊನೆಯ ಹೆಸರು ಕೊಡು ಅಂತ ಪಟ್ಟು ಹಿಡಿಯುತ್ತದೆ. ಆಗ ಅವಸರದಲ್ಲಿ ಗಂಡನ ಹೆಸರೋ ಊರಿನ ಹೆಸರೋ ತುಂಬಿಬಿಡುತ್ತೇವೆ. ಹಾಗೆ ಮಾಡಬೇಡಿ. ಬಾಗಿಲಲ್ಲಿ ಏರ್‌ಪೋರ್ಟ್ ಕಾಯುವ ಸಿಐಎಸ್‌ಎಫ್‌ನವರು ಟಿಕೆಟ್ ಮತ್ತು ಗುರುತಿನ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಚೀಟಿಯಲ್ಲಿ ಇದ್ದದ್ದೇ ಟಿಕೆಟ್‌ನಲ್ಲೂ ಇರಲಿ.

ಬುಕ್ ಮಾಡುವಾಗಲೇ ವ್ಹೀಲ್‌ಚೇರ್ ಬೇಕು ಅಂತಲೂ ಹಾಕಿಬಿಡಿ. ‘ನನಗೇನಾಗಿದೆ, ನಡೀತೀನಿ’ ಅಂತ ಅಮ್ಮ ಸಿಟ್ಟಾದರು. ವಿಷಯ ನಡೆಯುವುದಲ್ಲ, ದಾರಿಯದು. ವ್ಹೀಲ್‌ಚೇರ್ ತಳ್ಳುವವರು ಕೌಂಟರ್, ಸೆಕ್ಯೂರಿಟಿ, ಗೇಟ್ ಎಲ್ಲ ದಾಟಿಸಿ ಕೂರಿಸುತ್ತಾರೆ. ನಾವು ಟಿಕೆಟ್ ಇಲ್ಲದೆ ಒಳಗೆ ಹೋಗುವ ಹಾಗಿಲ್ಲವಲ್ಲ.

ಯಾವ ಟರ್ಮಿನಲ್?

ಇಲ್ಲಿ ನಾನು ಎಡವಿದ್ದು. ಈ ಏರ್‌ಪೋರ್ಟ್‌ಗೆ ಎರಡು ಟರ್ಮಿನಲ್. 2008ರಲ್ಲಿ ಶುರುವಾದ ಹಳೆಯದು ಟಿ1, ಒಳಗೆಲ್ಲ ಬಿದಿರು, ತೂಗುವ ಗಿಡಗಳು ಇರುವ ಹೊಸದು ಟಿ2. 2023ರ ಸೆಪ್ಟೆಂಬರ್‌ನಿಂದ ವಿದೇಶಕ್ಕೆ ಹೋಗುವ ವಿಮಾನಗಳು ಎರಡನೆಯದಕ್ಕೆ ಬಂದವು. ದೇಶದೊಳಗಿನವು ಮಾತ್ರ ಕಂಪನಿಗೊಂದು ಕಡೆ. ನಾನು ಯಾವಾಗಲೂ ಎರಡರಿಂದ ಹೋಗುವವನು, ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಗಾಡಿ ಬಿಡಿಸಿದೆ. ಬಾಗಿಲಲ್ಲಿದ್ದವರು ಟಿಕೆಟ್ ನೋಡಿ ‘ಇದು ಟಿ1, ಸರ್’ ಅಂದರು. ಕ್ಯಾಬ್ ಹೋಗಿಯಾಗಿತ್ತು. ಎರಡರ ನಡುವೆ ಪುಕ್ಕಟೆ ಶಟಲ್ ಬಸ್ ಇದೆ, ಅದರಲ್ಲಿ ಹೋದೆವು, ಆದರೆ ಆ ಹೊತ್ತಿನಲ್ಲಿ ಬಸ್ಸಿಗೆ ಕಾಯುವ ಪ್ರತಿ ನಿಮಿಷವೂ ಎದೆ ಡವಡವ. ಟಿಕೆಟ್‌ನಲ್ಲಿ ಟಿ1, ಟಿ2 ಅಂತ ಬರೆದಿರುತ್ತದೆ. ಹಿಂದಿನ ರಾತ್ರಿ ಇನ್ನೊಂದು ಸಲ ನೋಡಿ, ಕ್ಯಾಬ್ ಬುಕ್ ಮಾಡುವಾಗಲೂ ಅದನ್ನೇ ಆರಿಸಿ.

ದಾರಿಯ ಲೆಕ್ಕ

ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಬೆಳಗಿನ ಜಾವ ಒಂದು ಗಂಟೆಯೂ ಬೇಡ. ಅದೇ ಸಂಜೆ ಆರಕ್ಕೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆ ಆದರೂ ಆಶ್ಚರ್ಯವಿಲ್ಲ. ಸಾಮಾನ್ಯವಾಗಿ ದೇಶದೊಳಗಿನ ವಿಮಾನಕ್ಕೆ ಒಂದು ಗಂಟೆ ಮುಂಚೆ ಬ್ಯಾಗ್ ಕೌಂಟರ್ ಮುಚ್ಚುತ್ತದೆ, ಸುಮಾರು 25 ನಿಮಿಷ ಮುಂಚೆ ಗೇಟ್. ಅಲ್ಲಿಂದ ಹಿಂದಕ್ಕೆ ಎಣಿಸಿ. ಒಂದೇ ಬ್ಯಾಗ್ ಇದ್ದರೆ ಬಿಎಂಟಿಸಿಯ ಏರ್‌ಪೋರ್ಟ್ ಬಸ್ ವಾಯುವಜ್ರವೇ ನನಗಿಷ್ಟ. ಮೆಜೆಸ್ಟಿಕ್‌ನಿಂದ ಕೆಐಎ 9, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಕೆಐಎ 8. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಬೆಂಗಳೂರಿನಲ್ಲಿ ಇಳಿದು ಹತ್ತುವ ತಲೆನೋವಿಲ್ಲ. ಹೆಣ್ಣೂರು ಆಸುಪಾಸಿನವರು ಬಾಗಲೂರು ರಸ್ತೆ ಹಿಡಿದರೆ ಹೆಬ್ಬಾಳವೂ ತಪ್ಪುತ್ತದೆ, ಸಾದಹಳ್ಳಿ ಟೋಲೂ ತಪ್ಪುತ್ತದೆ.

ಇನ್ನೊಂದು, ಚಳಿಗಾಲದಲ್ಲಿ ದೇವನಹಳ್ಳಿ ಕಡೆ ಬೆಳಿಗ್ಗೆ ಮಂಜು ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಪುಣೆಯಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಬೆಳಗಿನ ಮೊದಲನೆಯದನ್ನು ನಂಬಿ ಕೂರಬೇಡಿ.

ಬ್ಯಾಗ್‌ನಲ್ಲಿ ಏನಿದೆ ಅಂತ ನೀವೇ ನೋಡಿ

ಅಮ್ಮನನ್ನು ಬಾಗಿಲಲ್ಲಿ ಬಿಟ್ಟು ಗಾಜಿನಾಚೆಯಿಂದ ಕೈ ಬೀಸಿ, ಹೊರಗೆ ಒಂದು ಕಾಫಿ ತೊಗೊಂಡು ಕೂತೆ. ಹತ್ತು ನಿಮಿಷಕ್ಕೆ ಫೋನ್. ‘ಕೊಬ್ಬರಿ ತೆಗೀರಿ ಅಂತಾರೆ ಕಣೋ.’ ಕೌಂಟರ್‌ನಲ್ಲಿ ಕೊಟ್ಟುಬಿಟ್ಟಿದ್ದ ಬ್ಯಾಗನ್ನೇ ಮತ್ತೆ ತೆಗೆಸಿದ್ದರು. ಒಳಗೆ ಮನೆಯ ಅಟ್ಟದಲ್ಲಿ ಒಣಗಿದ ಕೊಬ್ಬರಿ, ಹದಿನೈದು ಗಿಟುಕು, ಹಳೆ ಪಂಚೆಯಲ್ಲಿ ಗಂಟು ಕಟ್ಟಿ ಸೀರೆಗಳ ನಡುವೆ ಇಟ್ಟಿದ್ದರಂತೆ. ತಿಪಟೂರಿನವರು ಮಗಳ ಮನೆಗೆ ಕೊಬ್ಬರಿ ಇಲ್ಲದೆ ಹೋಗುವುದುಂಟಾ? ಆದರೆ ನಿಯಮ ನಿಯಮವೇ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಯಾದರೆ ಹೊತ್ತಿಕೊಳ್ಳಬಹುದು ಅಂತ ಅದನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಕೊಟ್ಟು ಕಳಿಸುವ ಬ್ಯಾಗ್‌ನಲ್ಲೂ ಬಿಡುವುದಿಲ್ಲ. ‘ಹೊರಗೆ ನನ್ನ ಮಗ ನಿಂತಿದ್ದಾನೆ, ಅವನಿಗಾದರೂ ಕೊಡಿ’ ಅಂತ ಅಮ್ಮ ಕೇಳಿದ್ದಾರೆ. ಅದಕ್ಕೆಲ್ಲ ಹೊತ್ತಿರಲಿಲ್ಲ.

ಹಸಿ ತೆಂಗಿನಕಾಯಿ ಕಥೆ ಬೇರೆ, ಅದು ಕೊಟ್ಟು ಕಳಿಸುವ ಬ್ಯಾಗ್‌ಗೆ, ಕೈಚೀಲಕ್ಕಲ್ಲ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರಿಗೆ ಇರುಮುಡಿಯ ಕಾಯಿಯನ್ನು ಕೈಯಲ್ಲೇ ಒಯ್ಯಲು ಬಿಟ್ಟಿದ್ದರು, ಅದೂ ಆ ಸೀಸನ್ನಿಗೆ ಮಾತ್ರ. ಖಾರದ ಉಪ್ಪಿನಕಾಯಿಯೂ ಕೈಚೀಲದಲ್ಲಿ ಬೇಡ, ಭದ್ರವಾಗಿ ಮುಚ್ಚಿ ದೊಡ್ಡ ಬ್ಯಾಗ್‌ಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಕೈಚೀಲದಲ್ಲೇ ಇರಬೇಕು. ಬೆಂಕಿಪೊಟ್ಟಣ ಎರಡರಲ್ಲೂ ಬೇಡ. ಮತ್ತೆ ಎಲೆಅಡಿಕೆ ಚೀಲ ತಪ್ಪದೆ ಬಿಚ್ಚಿ ನೋಡಿ. ಅಡಕತ್ತರಿ ಸೊಂಟದ ಚೀಲದಲ್ಲಿದ್ದರೆ ಸೆಕ್ಯೂರಿಟಿಯಲ್ಲಿ ಹೋಯಿತು ಅಂತಲೇ ಲೆಕ್ಕ.

ಒಳಗೆ ಹೋದ ಮೇಲೆ

ಡಿಜಿಯಾತ್ರಾ ಆ್ಯಪ್ ಹಾಕಿಕೊಂಡರೆ ದೇಶದೊಳಗಿನ ಪ್ರಯಾಣಕ್ಕೆ ಮುಖ ತೋರಿಸಿ ಹೋಗಬಹುದು. ಸ್ಮಾರ್ಟ್‌ಫೋನ್ ಬಳಸುವವರಿಗೆ ಒಳ್ಳೆಯದು. ಅಮ್ಮನಂಥವರಿಗೆ ಕಾಗದದ ಬೋರ್ಡಿಂಗ್ ಪಾಸೇ ವಾಸಿ, ಕೈಯಲ್ಲಿ ಇದ್ದರೆ ಧೈರ್ಯ.

ಎಲ್ಲಕ್ಕಿಂತ ಮುಖ್ಯವಾದದ್ದು, ಇಲ್ಲಿ ಬಸ್ ಸ್ಟ್ಯಾಂಡಿನ ಹಾಗೆ ಮೈಕಿನಲ್ಲಿ ಪ್ರತಿ ವಿಮಾನವನ್ನೂ ಕೂಗುವುದಿಲ್ಲ. ಕರೆಯುತ್ತಾರೆ ಅಂತ ತೂಕಡಿಸುತ್ತಾ ಕೂತರೆ ವಿಮಾನ ಹೋಗಿಬಿಡುತ್ತದೆ. ಪರದೆ ನೋಡುತ್ತಿರಬೇಕು, ಗೇಟ್ ನಂಬರ್ ಕೊನೆ ಗಳಿಗೆಯಲ್ಲಿ ಬದಲಾಗುವುದೂ ಉಂಟು. ಹಾಗಾಗಿ ನಾನು ಹೊರಗೆ ಕೂತೇ ಮೊಬೈಲ್‌ನಲ್ಲಿ ವಿಮಾನದ ಸ್ಥಿತಿ ನೋಡಿಕೊಂಡು ಎರಡು ಸಲ ಫೋನ್ ಮಾಡಿದೆ. ಎರಡನೇ ಸಲ ಅಮ್ಮ ಪಕ್ಕದ ಸೀಟಿನ ಹುಬ್ಬಳ್ಳಿ ಹುಡುಗಿಗೆ ಕೊಬ್ಬರಿ ಮಿಠಾಯಿ ಮಾಡುವುದು ಹೇಗೆ ಅಂತ ಹೇಳುತ್ತಿದ್ದರು, ‘ಆಮೇಲೆ ಮಾಡೋ’ ಅಂತ ಫೋನ್ ಇಟ್ಟರು.